ಕಾಳು ಉಳಿಸಿದ ಕೆಲಸ: ನೆರವಿನ ಯೋಜನೆಯೊಂದರಲ್ಲಿ ನನ್ನ ಅನುಭವ

ಅಂತರರಾಷ್ಟ್ರೀಯ ನೆರವಿನಿಂದ ನಡೆಯುವ ಗ್ರಾಮೀಣ ಕೃಷಿ ಯೋಜನೆಯೊಂದಕ್ಕೆ ಕ್ಷೇತ್ರ ಸಂಯೋಜಕನಾಗಿ ಸೇರಿದಾಗ ನನ್ನ ಕೈಗೆ ಬಂದ ಕಾರ್ಯಯೋಜನೆಯಲ್ಲಿ ಇಳುವರಿ ಹೆಚ್ಚಿಸುವ ಗುರಿಯೊಂದೇ ಎದ್ದು ಕಾಣುತ್ತಿತ್ತು. ಹಣದ ಬಹುಪಾಲು ಬೀಜ, ಗೊಬ್ಬರ, ತರಬೇತಿಗೆ ಮೀಸಲಾಗಿತ್ತು. ಆಹಾರ ಭದ್ರತೆಗೆ 1996ರ ವಿಶ್ವ ಆಹಾರ ಶೃಂಗಸಭೆ ಒಪ್ಪಿದ ವ್ಯಾಖ್ಯೆಯಂತೆ ಎಲ್ಲ ಜನರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು, ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆಟುಕಬೇಕು. ಆ ‘ಎಲ್ಲ ಕಾಲದಲ್ಲೂ’ ಎಂಬ ಮಾತಿಗೆ ನಮ್ಮ ಕಾರ್ಯಯೋಜನೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಮೊದಲ ಸಭೆಯಲ್ಲಿ ಬೀಜದ ಮಾತೆತ್ತುವ ಮುನ್ನ ನೆಲದ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಚೌಕ ಗೀಚಿ, ಯಾವ ತಿಂಗಳಲ್ಲಿ ಮನೆಯಲ್ಲಿ ಎಷ್ಟು ಕಾಳು ಉಳಿದಿರುತ್ತದೆ ಎಂಬುದನ್ನು ಹರಳುಗಳನ್ನಿಟ್ಟು ತೋರಿಸಿರೆಂದು ಹೆಂಗಸರನ್ನು ಕೇಳಿಕೊಂಡೆ. ಸುಗ್ಗಿಯ ತಿಂಗಳ ಚೌಕದಲ್ಲಿ ಹರಳು ಗುಡ್ಡೆಯಾಯಿತು, ಮುಂದಿನ ಎರಡೇ ಚೌಕಗಳಲ್ಲಿ ಅದು ಕರಗಿತು, ಮರುಕೊಯ್ಲಿಗೆ ಮುಂಚಿನ ಮೂರು ಚೌಕಗಳು ಬರಿದಾಗಿಯೇ ಉಳಿದವು. ಬೆಳೆದದ್ದೆಲ್ಲ ಎಲ್ಲಿ ಹೋಗುತ್ತದೆ ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು ಒಳಗಿನಿಂದ ಒಂದು ಹಿಡಿ ಕಾಳು ತಂದು ನನ್ನ ಅಂಗೈಗೆ ಸುರಿದರು. ಕಾಳು ಕಾಳಿಗೂ ದುಂಡನೆಯ ತೂತು. ಬೆರಳಿಗೆಲ್ಲ ಬಿಳಿ ಹಿಟ್ಟು ಹತ್ತಿತು. “ಇಟ್ಟರೆ ಹುಳದ ಪಾಲು ಕಣಪ್ಪ, ಮಾರಿದರೆ ಸಾಲಕ್ಕಾದರೂ ಆದೀತು” ಎಂದರು ಆ ತಾಯಿ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಕುಸಿಯುತ್ತದೆ, ಕೆಲವೇ ತಿಂಗಳಲ್ಲಿ ಅದೇ ಕಾಳನ್ನು ಹೆಚ್ಚು ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ.

ಬೀಜದ ಹಣದಲ್ಲಿ ಒಂದು ಭಾಗವನ್ನು ದಾಸ್ತಾನಿಗೆ ತಿರುಗಿಸಲು ಅನುಮತಿ ಕೋರಿ ನೆರವು ನೀಡಿದ ಸಂಸ್ಥೆಗೆ ಬರೆದೆ. ಕೊಯ್ಲಿನ ನಂತರ ಚಿಲ್ಲರೆ ಮಾರಾಟಕ್ಕೆ ಬರುವ ಮೊದಲೇ ಜಗತ್ತಿನ ಆಹಾರದ ಸುಮಾರು ಶೇ. 14ರಷ್ಟು ಮೌಲ್ಯ ನಷ್ಟವಾಗುತ್ತದೆ ಎಂಬ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ವರದಿಯ ಅಂದಾಜನ್ನು ಪತ್ರದಲ್ಲಿ ಕೊಟ್ಟಿದ್ದೆ. ಆದರೆ ಒಪ್ಪಿಗೆ ತಂದುಕೊಟ್ಟದ್ದು ಆ ಹನ್ನೆರಡು ಚೌಕಗಳ ಚಿತ್ರವೆಂದೇ ನನ್ನ ನಂಬಿಕೆ.

ನಾವು ಆರಿಸಿಕೊಂಡದ್ದು ಗಾಳಿಯಾಡದ ಮೂರು ಪದರದ ಚೀಲ. 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರೂ ಅಲ್ಲಿನ ಸಂಶೋಧಕರೂ ಸೇರಿ ನಡೆಸಿದ ಪ್ರಯೋಗಗಳಿಂದ ಬಂದ ವಿಧಾನವಿದು. ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳು ಒಳಗೆ, ನೇಯ್ದ ಚೀಲ ಹೊರಗೆ. ಒಂದೊಂದರ ಬಾಯನ್ನೂ ತಿರುಚಿ, ಮಡಚಿ, ಬೇರೆ ಬೇರೆಯಾಗಿ ಬಿಗಿಯಬೇಕು. ಒಳಗಿನ ಆಮ್ಲಜನಕವನ್ನು ಹುಳಗಳೇ ಬಳಸಿ ಮುಗಿಸುತ್ತವೆ, ಬಳಿಕ ತಿನ್ನುವುದನ್ನೂ ಮೊಟ್ಟೆಯಿಡುವುದನ್ನೂ ನಿಲ್ಲಿಸಿ ಸಾಯುತ್ತವೆ. ಕೀಟನಾಶಕದ ಪುಡಿ ಬೇಕಿಲ್ಲ.

ಮೊದಲ ಸುಗ್ಗಿಯಲ್ಲಿ ನಾನೇ ತಪ್ಪಿದೆ. ವರದಿಯ ದಿನ ಹತ್ತಿರವಾಗಿದ್ದರಿಂದ ಚೀಲ ತುಂಬಿಸಲು ಅವಸರಪಡಿಸಿದೆ. ಸರಿಯಾಗಿ ಒಣಗದ ಕಾಳು ಒಳಗೇ ಬೂಷ್ಟು ಹಿಡಿದು, ಹಲವು ಮನೆಗಳ ವರ್ಷದ ಅನ್ನವನ್ನು ಕಸಕ್ಕೆ ಸುರಿಯಬೇಕಾಯಿತು. ಅದರ ನೋವು ಇಂದಿಗೂ ಆರಿಲ್ಲ. ಮರುವರ್ಷದಿಂದ ಉಪ್ಪಿನ ಪರೀಕ್ಷೆಯಿಲ್ಲದೆ ಒಂದು ಚೀಲದ ಬಾಯನ್ನೂ ಕಟ್ಟಗೊಡಲಿಲ್ಲ: ಒಣಗಿದ ಗಾಜಿನ ಸೀಸೆಗೆ ಕಾಳನ್ನೂ ಚೆನ್ನಾಗಿ ಒಣಗಿಸಿದ ಒಂದು ಹಿಡಿ ಉಪ್ಪನ್ನೂ ಹಾಕಿ ಅಲುಗಾಡಿಸಿ ಕೆಲ ಹೊತ್ತು ಬಿಡುವುದು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ, ಕಾಳು ಮತ್ತೆ ಬಿಸಿಲಿಗೆ ಹೋಗಬೇಕು. ಅಕ್ಷರ ಬಾರದವರೂ ಒಂದೇ ನೋಟಕ್ಕೆ ಓದಬಲ್ಲ ಪರೀಕ್ಷೆ ಇದು.

ಚೀಲಗಳನ್ನು ಉಚಿತವಾಗಿ ಹಂಚಬೇಕೆಂಬ ಒತ್ತಾಯ ಬಂದಾಗ ನಾನು ಒಪ್ಪಲಿಲ್ಲ. ಹಂಚಿದರೆ ವ್ಯಾಪಾರಿ ದಾಸ್ತಾನು ಇಡುವುದಿಲ್ಲ, ಅನುದಾನ ಮುಗಿದ ವರ್ಷ ತೂತಾದ ಚೀಲಕ್ಕೆ ಬದಲಿ ಸಿಗುವುದಿಲ್ಲ. ಮೊದಲ ಚೀಲಕ್ಕೆ ಮಾತ್ರ ಅರ್ಧ ಬೆಲೆಯ ಸಹಾಯ ಕೊಟ್ಟೆವು.

ಮೂರನೆಯ ವರ್ಷ ಮತ್ತೆ ಚೌಕ ಗೀಚಿದಾಗ, ಚೀಲವಿಟ್ಟಿದ್ದ ಮನೆಗಳ ಹರಳು ಮರುಕೊಯ್ಲಿನ ಹಿಂದಿನ ತಿಂಗಳವರೆಗೂ ಉಳಿದಿತ್ತು. ಹಣವಿಲ್ಲದೆ ಒಂದು ಹೊತ್ತಿನ ಊಟ ಬಿಡಬೇಕಾಯಿತೇ ಎಂದು ಕೇಳಿದಾಗ, ಹಿಂದೆ ತಲೆ ತಗ್ಗಿಸಿದ್ದ ಕೆಲವರು ಈ ಸಲ ಇಲ್ಲವೆಂದರು. ಭೂಮಿಯಿಲ್ಲದ ಕೂಲಿಯವರ ಚೌಕಗಳು ಮಾತ್ರ ಮೊದಲಿನಂತೆಯೇ ಬರಿದಾಗಿದ್ದವು. ಕೂಡಿಡಲು ಕಾಳೇ ಇಲ್ಲದವರಿಗೆ ಚೀಲದಿಂದ ಏನು ಪ್ರಯೋಜನ? ಮುಂದಿನ ಪ್ರಸ್ತಾವನೆಯನ್ನು ಆ ಬರಿದಾದ ಚೌಕಗಳಿಂದಲೇ ಬರೆಯಲು ಕುಳಿತಿದ್ದೇನೆ.