ನಿಂತ ಕ್ಯಾರವಾನಿನ ಬ್ಯಾಟರಿಯನ್ನು ಬಿಸಿಲು ಕಾದ ಬಗೆ

ಪ್ರವಾಸ ಮುಗಿಸಿ, ಪುಟ್ಟ ಮನೆಯಂತಿರುವ ನನ್ನ ಗಾಡಿ ಕ್ಯಾರವಾನನ್ನು ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬೀಗ ಹಾಕಿ ಬಂದಿದ್ದೆ. ನಾಲ್ಕು ತಿಂಗಳ ಮೇಲೆ ಹೋಗಿ ಸ್ವಿಚ್ ಒತ್ತಿದರೆ ದೀಪ ಮಿಣುಕಲೂ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ 9.8 ವೋಲ್ಟ್. ಎರಡು ದಿನ ಚಾರ್ಜರಿಗೆ ಹಾಕಿದೆ. ಮೀಟರಿನಲ್ಲಿ 12.6 ಕಂಡಾಗ ಬ್ಯಾಟರಿ ಬದುಕಿತು ಅಂದುಕೊಂಡೆ. ಆದರೆ ನೀರಿನ ಪಂಪ್ ಹತ್ತು ನಿಮಿಷ ಓಡಿದ್ದೇ ತಡ, ಮುಳ್ಳು 11ಕ್ಕೆ ಇಳಿಯಿತು. ಎರಡು ವರ್ಷವೂ ತುಂಬದ 100 ಆಂಪಿಯರ್-ಅವರ್ ಬ್ಯಾಟರಿ ಅದು, ಅಂದರೆ ಒಂದು ಆಂಪಿಯರ್ ಕರೆಂಟನ್ನು ನೂರು ಗಂಟೆ ಕೊಡುವಷ್ಟರದು. ಕಳೆದುಕೊಂಡ ಸಂಕಟ ನನಗೆ ಇನ್ನೂ ಇದೆ, ಏಕೆಂದರೆ ಅದು ದುಡಿದು ಸವೆದ ಬ್ಯಾಟರಿಯಲ್ಲ, ಸುಮ್ಮನೆ ನಿಂತಲ್ಲೇ ಸತ್ತದ್ದು.

ಸೀಸ-ಆಮ್ಲದ ಬ್ಯಾಟರಿ ಇಳಿಯುತ್ತಾ ಹೋದಂತೆ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಗಿಂದಾಗ್ಗೆ ಚಾರ್ಜ್ ಮಾಡುತ್ತಿದ್ದರೆ ಅದು ಮತ್ತೆ ಮೊದಲಿನ ರೂಪಕ್ಕೆ ಮರಳುತ್ತದೆ. ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಪೂರ್ತಿ ಬಗ್ಗುವುದಿಲ್ಲ. ವೋಲ್ಟೇಜ್ ಮೇಲೇರಿದಂತೆ ಕಾಣುತ್ತದೆ, ಒಳಗೆ ತುಂಬಿಕೊಳ್ಳುವ ಜಾಗವೇ ಉಳಿದಿರುವುದಿಲ್ಲ. ನನ್ನ ಬ್ಯಾಟರಿಗೆ ಆದದ್ದು ಇದೇ.

ಹೊಸ ಬ್ಯಾಟರಿ ತಂದ ಕೂಡಲೇ, ಅದನ್ನು ಬಿಸಿಲಿನಿಂದ ತುಂಬಿಸುವ ಸೋಲಾರ್ ಪ್ಯಾನೆಲ್ ಕೊಳ್ಳಲು ಓಡಲಿಲ್ಲ. ಎಲ್ಲವನ್ನೂ ಆರಿಸಿದ ಮೇಲೂ ಬ್ಯಾಟರಿಯನ್ನು ತಿಂದದ್ದು ಯಾವುದು ಎಂದು ತಿಳಿಯಬೇಕಿತ್ತು. ನೆಗೆಟಿವ್ ಟರ್ಮಿನಲ್ಲಿನ ವೈರನ್ನು ಬಿಚ್ಚಿ, ಆ ವೈರಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು ಸೇರಿಸಿದೆ. ಮೊದಲು 10 ಆಂಪಿಯರ್ ಸ್ಥಾನದಲ್ಲಿಟ್ಟು, ಕರೆಂಟ್ ಚಿಕ್ಕದೇ ಎಂದು ಖಾತ್ರಿಯಾದ ಮೇಲೆ ಮಿಲಿಆಂಪಿಯರಿಗೆ ಬದಲಿಸಿದೆ. ಈ ಹೊತ್ತಿನಲ್ಲಿ ಪಂಪನ್ನಾಗಲಿ ಫ್ರಿಜ್ಜನ್ನಾಗಲಿ ಯಾರೂ ಚಾಲೂ ಮಾಡಬಾರದು, ಮಾಡಿದರೆ ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ತೋರಿಸಿದ್ದು 46 ಮಿಲಿಆಂಪಿಯರ್. ಕಣ್ಣಿಗೆ ಏನೂ ಅಲ್ಲ. ಆದರೆ ದಿನದ 24 ಗಂಟೆಗೆ ಗುಣಿಸಿದರೆ 1.1 ಆಂಪಿಯರ್-ಅವರ್, ತಿಂಗಳಿಗೆ 33. ಮೂರು ತಿಂಗಳಿಗೆ 100ರ ಬ್ಯಾಟರಿ ಬರಿದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುವುದು ಇದಕ್ಕೇ ಹೇಳಿದಂತಿತ್ತು.

ಮೀಟರನ್ನು ಹಾಗೆಯೇ ಇಟ್ಟು ಒಂದೊಂದೇ ಫ್ಯೂಸನ್ನು ಕಿತ್ತು ನೋಡಿದೆ. ಗ್ಯಾಸ್ ಸೋರಿಕೆ ಎಚ್ಚರಿಸುವ ಅಲಾರಂ ಕಿತ್ತಾಗ 22 ಇಳಿಯಿತು. ಹಾಡು ಕೇಳುವ ಸ್ಟೀರಿಯೊ ತನ್ನ ಗಡಿಯಾರ, ನೆನಪಿಗಾಗಿ 9 ತಿನ್ನುತ್ತಿತ್ತು. ಉಳಿದ 15, ಕಳ್ಳತನವಾದರೆ ಗಾಡಿ ಎಲ್ಲಿದೆಯೆಂದು ತಿಳಿಸುವ ಟ್ರ್ಯಾಕರಿನದು. ಸಿಲಿಂಡರನ್ನು ಹೇಗೂ ಬಿಚ್ಚಿ ಹೊರಗಿಡುತ್ತೇನಾದ್ದರಿಂದ ಗ್ಯಾಸ್ ಅಲಾರಂ, ಸ್ಟೀರಿಯೊ ಎರಡರ ಫ್ಯೂಸನ್ನೂ ತೆಗೆದು, ಚೀಟಿ ಅಂಟಿಸಿದ ಡಬ್ಬಿಯಲ್ಲಿ ಅಲ್ಲೇ ಇಟ್ಟೆ. ಟ್ರ್ಯಾಕರನ್ನು ಮಾತ್ರ ಬಿಡಲಾರೆ.

ಈಗ ಲೆಕ್ಕ ಸುಲಭವಾಯಿತು. ಟ್ರ್ಯಾಕರಿಗೆ ದಿನಕ್ಕೆ 0.36. ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ಸುಮಾರು 4 ಪ್ರತಿಶತ ಇಳಿಯುತ್ತದೆ ಎಂದು ಹಿಡಿದರೆ ದಿನಕ್ಕೆ 0.13, ಸೆಕೆ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ತಾನೂ 8 ಮಿಲಿಆಂಪಿಯರ್ ಬಳಸುತ್ತದೆ, ಅದು 0.2. ಒಟ್ಟು ದಿನಕ್ಕೆ 0.7 ಆಂಪಿಯರ್-ಅವರ್. ಒಳ್ಳೆಯ ಬಿಸಿಲಿದ್ದರೆ 20 ವಾಟ್ ಪ್ಯಾನೆಲ್ ಒಂದು ಗಂಟೆಯಲ್ಲಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ನಾನು ಲೆಕ್ಕ ಹಾಕಿದ್ದು ಮೋಡದ ದಿನಕ್ಕೆ. ದಟ್ಟ ಮೋಡವಿದ್ದಾಗ ಬಿಸಿಲಿನ ದಿನದ ಹತ್ತನೇ ಒಂದು ಪಾಲು ಸಿಕ್ಕರೆ ಅದೇ ಹೆಚ್ಚು. ಮೋಡ ಕವಿದ ವಾರಗಳಲ್ಲೂ ಸರಿದೂಗಲಿ ಎಂದು 40 ವಾಟಿನದನ್ನು ಆರಿಸಿಕೊಂಡೆ. ಅದಕ್ಕಿಂತ ದೊಡ್ಡದು ನಿಂತ ಗಾಡಿಗೆ ಬೇಕಿಲ್ಲ.

ಕಂಟ್ರೋಲರ್ ವಿಷಯದಲ್ಲಿ ಮಾತ್ರ ನಾನು ಹಟವಾದಿ. 12 ವೋಲ್ಟಿನದು ಎಂದು ಮಾರುವ ಪ್ಯಾನೆಲ್ ಬಿಸಿಲಿನಲ್ಲಿ ಏನನ್ನೂ ಜೋಡಿಸದಿದ್ದಾಗ 21-22 ವೋಲ್ಟ್ ತೋರಿಸುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿಯ ನೀರು ಆರಿ ಪ್ಲೇಟುಗಳು ಒಣಗುತ್ತವೆ. ಕಂಟ್ರೋಲರ್ ಮೊದಲು 14.4ರವರೆಗೆ ಏರಿಸಿ, ತುಂಬಿದ ಮೇಲೆ 13.6ರ ಆಸುಪಾಸಿಗೆ ಇಳಿಸಿ ಹಿಡಿದಿಡುತ್ತದೆ. ರಾತ್ರಿ ಬ್ಯಾಟರಿಯಿಂದ ಪ್ಯಾನೆಲ್ಲಿಗೆ ಕರೆಂಟ್ ಹಿಂದಕ್ಕೆ ಹರಿಯದಂತೆಯೂ ತಡೆಯುತ್ತದೆ. ಇಷ್ಟು ಚಿಕ್ಕ ಪ್ಯಾನೆಲ್ಲಿಗೆ ಪಿಡಬ್ಲ್ಯೂಎಂ ಎಂಬ ಸಾದಾ ಬಗೆಯ ಕಂಟ್ರೋಲರ್ ಸಾಕು, ಎಂಪಿಪಿಟಿ ಎಂಬ ದುಬಾರಿ ಬಗೆಯ ಲಾಭ ಇಲ್ಲಿ ಕಾಣುವುದಿಲ್ಲ. ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಹೊಂದಿಸಿಕೊಳ್ಳುವ ಗುಣ ಮಾತ್ರ ಕಂಟ್ರೋಲರಿನಲ್ಲಿರಲಿ. ಮುಚ್ಚಿದ ಗಾಡಿಯೊಳಗೆ ಸೆಕೆಯೂ ಚಳಿಯೂ ಹೊರಗಿಗಿಂತ ಬೇರೆಯೇ ಇರುತ್ತದೆ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಆಸರೆ ಇಲ್ಲದೆ ಪ್ಯಾನೆಲ್ಲಿನ 20 ದಾಟಿದ ವೋಲ್ಟೇಜನ್ನು ಕೆಲವು ಕಂಟ್ರೋಲರುಗಳು ತಾಳಿಕೊಳ್ಳುವುದಿಲ್ಲ. ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ 10 ಆಂಪಿಯರಿನ ಫ್ಯೂಸ್ ಹಾಕಿದ್ದೇನೆ. ಅದು ಪ್ಯಾನೆಲ್ಲಿನ ರಕ್ಷಣೆಗಲ್ಲ. ವೈರು ಎಲ್ಲೋ ಉಜ್ಜಿ ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿದು ಬೆಂಕಿ ಹತ್ತಿಸಬಲ್ಲದು, ಆ ಅನಾಹುತಕ್ಕೆ ತಡೆ ಅದು.

ಇಷ್ಟೆಲ್ಲ ಮಾಡಿ ನಿಶ್ಚಿಂತೆಯಿಂದ ಬಂದವನಿಗೆ ಮೂರು ವಾರದ ನಂತರ ಬ್ಯಾಟರಿ ಇಳಿದಿದ್ದು ಕಂಡು ಎದೆ ಧಸಕ್ಕೆಂದಿತು. ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಗಾಡಿಯ ಮೂಲ ವೈರಿಂಗಿಗೆ ಸುಲಭವಾಗಿ ಸಿಗುತ್ತದೆಂದು ಕಂಟ್ರೋಲರನ್ನು ಮೇನ್ ಸ್ವಿಚ್ಚಿನ ಆಚೆ ಬದಿಗೆ ಸೇರಿಸಿದ್ದೆ. ಹೊರಡುವಾಗ ಎಚ್ಚರಿಕೆಯೆಂದು ಅದೇ ಮೇನ್ ಸ್ವಿಚ್ಚನ್ನು ಆರಿಸಿದ್ದೆ. ಬ್ಯಾಟರಿಗೆ ನೇರ ಜೋಡಿಸಿದ್ದ ಟ್ರ್ಯಾಕರ್ ತಿನ್ನುತ್ತಲೇ ಇತ್ತು, ಬಿಸಿಲಿನ ಕರೆಂಟ್ ಮಾತ್ರ ಸ್ವಿಚ್ಚಿನ ಬಳಿ ನಿಂತುಹೋಗಿತ್ತು. ಈಗ ಕಂಟ್ರೋಲರಿನ ವೈರು ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಹೋಗುತ್ತದೆ. ಮೇನ್ ಆರಿಸಿದರೂ ಚಾರ್ಜ್ ನಿಲ್ಲುವುದಿಲ್ಲ.

ಇನ್ನು ನೆರಳು. ಕಂಟ್ರೋಲರಿನ ಪರದೆಯಲ್ಲಿ 1.8 ಆಂಪಿಯರ್ ತೋರಿಸುತ್ತಿದ್ದಾಗ, ಬೆರಳು ಜೋಡಿಸಿ ಅಂಗೈಯನ್ನು ಪ್ಯಾನೆಲ್ಲಿನ ಒಂದೇ ಒಂದು ಕೋಶದ ಮೇಲೆ ಒತ್ತಿ ಹಿಡಿದೆ. ಮೂವತ್ತಾರು ಕೋಶಗಳಲ್ಲಿ ಮೂವತ್ತೈದಕ್ಕೆ ಬಿಸಿಲು ಬೀಳುತ್ತಲೇ ಇತ್ತು. ಆದರೂ ಅಂಕಿ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಕೈ ತೆಗೆದರೆ ಮತ್ತೆ ಮೇಲೆ. ಕೋಶಗಳು ಸರದ ಮಣಿಗಳಂತೆ ಒಂದರ ಹಿಂದೊಂದು ಪೋಣಿಸಿಕೊಂಡಿರುವುದರಿಂದ, ಒಂದು ಸೊರಗಿದರೆ ಸಾಲೆಲ್ಲ ಸೊರಗುತ್ತದೆ. ಗಾಡಿಗೆ ಹೊದಿಸುವ ಟಾರ್ಪಾಲಿನ ಒಂದು ಅಂಚು, ಮೇಲಕ್ಕೆ ಎದ್ದ ಗಾಳಿಕಿಂಡಿಯ ನೆರಳು, ಒಂದು ಹಿಕ್ಕೆ, ಅಂಟಿಕೊಂಡ ಒಂದು ಎಲೆಯೂ ಸಾಕು. ಪ್ಯಾನೆಲನ್ನು ಕಿಟಕಿಯ ಗಾಜಿನ ಒಳಗಿಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ. ನಾನೂ ಇಟ್ಟು ನೋಡಿದ್ದೇನೆ, ಬಂದದ್ದು ತೀರಾ ಕಡಿಮೆ. ನನ್ನ ಪ್ಯಾನೆಲ್ ಈಗ ಚಾವಣಿಯ ಮೇಲೆ, ಕೆಳಗೆ ಎರಡು ಬೆರಳಿನಷ್ಟು ಗಾಳಿಯಾಡುವ ಅಂತರ ಬಿಟ್ಟು, ಮಳೆನೀರು ಜಾರಿ ತೊಳೆದುಕೊಂಡು ಹೋಗುವಂತೆ ಸ್ವಲ್ಪ ಓರೆಯಾಗಿ ಕುಳಿತಿದೆ.

ತಿಂಗಳಿಗೊಮ್ಮೆ ಹೋಗುತ್ತೇನೆ, ಅದೂ ಬಿಸಿಲು ಬೀಳುವ ಮೊದಲೇ. ಹಗಲಿನಲ್ಲಿ ಕಾಣುವ 13.6 ಕಂಟ್ರೋಲರಿನ ಅಂಕಿ, ಬ್ಯಾಟರಿಯದಲ್ಲ. ರಾತ್ರಿಯೆಲ್ಲ ತಣಿದ ಮೇಲೆ ಮುಂಜಾನೆ 12.7 ಇದ್ದರೆ ತುಂಬಿದೆ ಎಂದರ್ಥ; 12.2 ಎಂದರೆ ಅರ್ಧ ಖಾಲಿ. ಮುಚ್ಚಳ ಬಿಚ್ಚಿ ಪ್ಲೇಟು ಮುಳುಗುವಷ್ಟು ನೀರಿದೆಯೇ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕುತ್ತೇನೆ. ಬ್ಯಾಟರಿ ಪೆಟ್ಟಿಗೆಯ ಗಾಳಿಕೊಳವೆ ಕಟ್ಟಿಕೊಂಡಿದೆಯೇ ಎಂದೂ ನೋಡುತ್ತೇನೆ, ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಒಳಗೆ ತುಂಬಬಾರದು.

ಲಿಥಿಯಂ ಬ್ಯಾಟರಿ ಇಟ್ಟುಕೊಂಡವರು ನನ್ನ ಈ ಕ್ರಮವನ್ನು ಹಾಗೆಯೇ ಅನುಸರಿಸಬಾರದು. ಅದಕ್ಕೆ ಸದಾ ತುಂಬಿರುವುದು ಹಿತವಲ್ಲ, ಅರ್ಧದಷ್ಟು ತುಂಬಿಸಿ ಬಿಟ್ಟರೆ ಚೆನ್ನಾಗಿರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೂ ಕೂಡದು.

ಈ ಸಲ ಗಾಡಿ ಐದು ತಿಂಗಳು ನಿಂತಿತ್ತು. ಹೊರಡುವ ಮುಂಜಾನೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಬ್ಯಾಟರಿಯ ಆರೂ ಕೋಶಗಳ ಆಮ್ಲ ಹೀರಿ ನೋಡಿದೆ, ಎಲ್ಲದರಲ್ಲೂ ತುಂಬಿದ ಬ್ಯಾಟರಿಯ ಗುರುತಾದ 1.265ರ ಗೆರೆಯ ಮೇಲೆ ತೇಲು ನಿಂತಿತು. ಪಂಪನ್ನು ಹತ್ತು ನಿಮಿಷ ಬಿಟ್ಟರೂ ಮೀಟರ್ 12.5ರ ಕೆಳಗೆ ಬರಲಿಲ್ಲ. ಆಮೇಲೆ ಡಬ್ಬಿಯಿಂದ ಗ್ಯಾಸ್ ಅಲಾರಮಿನ ಫ್ಯೂಸ್ ತೆಗೆದು ಮೊದಲು ಅದನ್ನು ಹಾಕಿ, ಹಸಿರು ದೀಪ ಹತ್ತಿದ್ದನ್ನು ಕಂಡು, ನಂತರವೇ ಸಿಲಿಂಡರನ್ನು ಜೋಡಿಸಿದೆ.