ಏನೂ ಆಗಲ್ಲ ಅಂದಿದ್ದೇ ತಪ್ಪಾಯಿತು

ನಾನು ಸಕಲೇಶಪುರ ತಾಲ್ಲೂಕಿನ ಒಂದು ಉಪಕೇಂದ್ರದ ನರ್ಸಮ್ಮ. ಕಾಗದದ ಮೇಲೆ ನಮ್ಮ ಹುದ್ದೆಯ ಹೆಸರು ಬದಲಾಗುತ್ತಲೇ ಇರುತ್ತದೆ. ಊರಿನವರಿಗೆ ಮಾತ್ರ ಯಾವಾಗಲೂ ನರ್ಸಮ್ಮನೇ. ಗುರುವಾರ ಬಂತು ಅಂದರೆ ಮಕ್ಕಳಿಗೆ ಚುಚ್ಚುಮದ್ದು. ಹದಿನೈದು ವರ್ಷದಿಂದ ಇದೇ ಕೆಲಸ. ಹಾಗಾಗಿ ಕೋವಿಡ್ ಲಸಿಕೆ ಬಂದಾಗ, ಇದೇನು ಮಹಾ, ಸೂಜಿ ಹಾಕೋದು ನನಗೆ ಗೊತ್ತಿಲ್ಲವಾ ಅಂದುಕೊಂಡಿದ್ದೆ.

2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯಿತು. ಮೊದಲು ಆರೋಗ್ಯ ಇಲಾಖೆಯ ನಮಗೇ. ನಾನೂ ಹಾಕಿಸಿಕೊಂಡೆ. ಅವತ್ತು ರಾತ್ರಿ ಚಳಿ ಜ್ವರ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಬೆಳಿಗ್ಗೆ ಎದ್ದು ಮಾತ್ರೆ ನುಂಗಿ ಕೆಲಸಕ್ಕೆ ಹೋದೆ. ಜ್ವರ ಬಂದಿತ್ತು ಅಂತ ಯಾರಿಗೂ ಹೇಳಲಿಲ್ಲ. ನರ್ಸಮ್ಮನೇ ಮಲಗಿದಳು ಅಂತ ಸುದ್ದಿಯಾದರೆ ಯಾರು ಬರ್ತಾರೆ ಅನ್ನೋ ಲೆಕ್ಕ ನನ್ನದು.

ಆ ಲೆಕ್ಕ ಎಷ್ಟು ತಪ್ಪಿತ್ತು ಅಂತ ಏಪ್ರಿಲ್‌ನಲ್ಲಿ ಗೊತ್ತಾಯಿತು.

ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಅಂತಾಯಿತು. ನಮ್ಮ ಭಾಗದಲ್ಲಿ ಜನ ಎಲ್ಲಿರುತ್ತಾರೆ? ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು, ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಒಂದು ತೋಟಕ್ಕೆ ಹೋದೆ. ಮೆಣಸು ಕುಯ್ಲು ಇನ್ನೂ ಮುಗಿದಿರಲಿಲ್ಲ. ಮೇಸ್ತ್ರಿ ಸ್ವಲ್ಪ ಹಿಂದೇಟು ಹಾಕಿದರು. ನಾನು ನಗುತ್ತಾ, "ಏನೂ ಆಗಲ್ಲ ಅಣ್ಣ, ಇರುವೆ ಕಚ್ಚಿದ ಹಾಗೆ" ಅಂದೆ. ಮೇಸ್ತ್ರಿ ತೋಳು ಕೊಟ್ಟರು. ಅವರನ್ನು ನೋಡಿ ಇನ್ನೂ ಹತ್ತು ಜನ ಕೊಟ್ಟರು. ಖುಷಿಯಿಂದ ಮನೆಗೆ ಬಂದೆ.

ಮುಂದಿನ ವಾರ ಅದೇ ಲೈನಿಗೆ ಹೋದರೆ ಎಲ್ಲರ ಮನೆ ಬಾಗಿಲೂ ಹಾಕಿತ್ತು. ಮೇಸ್ತ್ರಿ ಹೆಂಡತಿ ಮಾತ್ರ ಹೊರಗೆ ಬಂದು, "ಏನೂ ಆಗಲ್ಲ ಅಂದ್ರಲ್ಲಕ್ಕ, ನಮ್ಮನೆಯವರು ಮೂರು ದಿನ ಎದ್ದಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ" ಅಂದರು.

ತೋಳು ನೋವು ಅಂದರೆ ನಮಗೆ ಸಣ್ಣ ವಿಷಯ. ಮೆಣಸು ಕುಯ್ಯುವವನು ಏಣಿ ಹತ್ತಿ, ಬಳ್ಳಿ ಹಬ್ಬಿದ ಸಿಲ್ವರ್ ಮರದ ಮೇಲೆ ಕೈ ಎತ್ತಿ ನಿಲ್ಲಬೇಕು. ತೋಳು ಎತ್ತಲಾಗದಿದ್ದರೆ ಅವತ್ತಿನ ಕೂಲಿ ಇಲ್ಲ. ಆ ಹನ್ನೊಂದು ಜನರಲ್ಲಿ ಹೆಚ್ಚಿನವರಿಗೆ ಜ್ವರ ಬಂದಿತ್ತು, ಕೂಲಿ ಹೋಗಿತ್ತು. ಅವರಿಗೆ ಜ್ವರಕ್ಕಿಂತ ಜಾಸ್ತಿ ನೋವಾಗಿದ್ದು ನಾನು ಹೇಳದೇ ಇದ್ದಿದ್ದಕ್ಕೆ.

ನಾಚಿಕೆಯ ವಿಷಯ ಏನು ಗೊತ್ತಾ? ಮಕ್ಕಳ ಲಸಿಕೆಯಲ್ಲಿ ನಮಗೆ ಮೊದಲ ದಿನದಿಂದ ಕಲಿಸಿರೋದೇ ನಾಲ್ಕು ಮಾತು. ಯಾವ ಲಸಿಕೆ, ಯಾವ ಕಾಯಿಲೆಗೆ ಅಂತ ಹೇಳಬೇಕು. ಹಾಕಿದ ಮೇಲೆ ಏನಾಗಬಹುದು, ಆದರೆ ಏನು ಮಾಡಬೇಕು ಅಂತ ಹೇಳಬೇಕು. ಮುಂದಿನ ಸಲ ಯಾವಾಗ ಬರಬೇಕು ಅಂತ ಹೇಳಬೇಕು. ಕಾರ್ಡ್ ಜೋಪಾನ ಅನ್ನಬೇಕು. ಒಂದೂವರೆ ತಿಂಗಳ ಕೂಸಿಗೆ ಪೆಂಟಾ, ಅಂದರೆ ಐದು ಕಾಯಿಲೆಗೆ ಒಂದೇ ಸೂಜಿ, ಹಾಕಿದಾಗಲೆಲ್ಲ "ರಾತ್ರಿ ಜ್ವರ ಬರುತ್ತೆ, ಹೆದರಬೇಡ, ಈ ಮದ್ದು ಇಷ್ಟು ಕುಡಿಸು, ಸೂಜಿ ಹಾಕಿದ ಜಾಗ ಉಜ್ಜಬೇಡ" ಅಂತ ತಾಯಂದಿರಿಗೆ ಹೇಳುತ್ತಲೇ ಬಂದಿದ್ದೇನೆ. ದೊಡ್ಡವರ ಮುಂದೆ ಆ ನಾಲ್ಕರಲ್ಲಿ ಎರಡನೆಯದನ್ನೇ ನುಂಗಿಬಿಟ್ಟಿದ್ದೆ. ಟಾರ್ಗೆಟ್ ಅನ್ನೋದು ಮನುಷ್ಯರನ್ನು ಹಾಗೆ ಮಾಡುತ್ತದೆ.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ಆ ಮೇಸ್ತ್ರಿ ಮನೆಗೇ ಹೋಗಿ, "ನನಗೂ ಜ್ವರ ಬಂದಿತ್ತು ಅಣ್ಣ, ಹೇಳದೇ ಇದ್ದಿದ್ದು ನನ್ನ ತಪ್ಪು" ಅಂದೆ. ಅವರು ಏನೂ ಅನ್ನಲಿಲ್ಲ. ಕಾಫಿ ಕೊಟ್ಟರು. ಎಸ್ಟೇಟ್ ರೈಟರ್ ಹತ್ತಿರ ಮಾತಾಡಿ ಲಸಿಕೆಯನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡೆ. ಭಾನುವಾರ ಹೇಗೂ ರಜೆ, ಜ್ವರ ಬಂದರೆ ಮನೆಯಲ್ಲೇ ಕಳೆಯುತ್ತದೆ. ಸೋಮವಾರ ತೋಳು ನೋವಿದ್ದವರಿಗೆ ಏಣಿ ಕೆಲಸ ಬೇಡ, ನೆಲದ ಕೆಲಸ ಕೊಡಿ ಅಂತ ಕೇಳಿದೆ. ಕೆಲವು ತೋಟದವರು ಒಪ್ಪಿದರು. ಕೆಲವರು "ನೋಡೋಣ" ಅಂದರು. ಮಲೆನಾಡಿನಲ್ಲಿ ನೋಡೋಣ ಅಂದರೆ ಇಲ್ಲ ಅಂತಲೇ.

ಸೂಜಿ ಹಾಕುವ ಮೊದಲೇ ಎಲ್ಲರನ್ನೂ ಕೂರಿಸಿ ಹೇಳುತ್ತಿದ್ದೆ. ಜ್ವರ ಬರಬಹುದು, ಮೈಕೈ ನೋವು ಬರಬಹುದು, ಒಂದೆರಡು ದಿನ. ತಗೊಳ್ಳಿ ಪ್ಯಾರಾಸಿಟಮಾಲ್. ಎರಡು ದಿನ ದಾಟಿಯೂ ಜ್ವರ ಇಳಿಯದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಭಾನುವಾರ ನಾನೇ ಒಂದು ರೌಂಡ್ ಬರುತ್ತಿದ್ದೆ. ಮನೆಯಲ್ಲಿ ಇದಕ್ಕೆ ಬೈಗುಳ ತಿಂದಿದ್ದೇನೆ, ಅದು ಬೇರೆ ಕಥೆ. ಲಸಿಕೆ ಹಾಕಿದ ದಿನ ನನ್ನ ಮುಖ ನೋಡದವರು ಮಾರನೇ ದಿನ ನಾನೇ ಬಾಗಿಲಿಗೆ ಹೋಗಿ "ಹೇಗಿದೀರ" ಅಂತ ಕೇಳಿದಾಗ ಮಾತಾಡುತ್ತಿದ್ದರು. ಮುಂದಿನ ಶನಿವಾರದ ಜನ ಸಿಗುತ್ತಿದ್ದಿದ್ದು ಈ ಭಾನುವಾರದ ಮಾತಿನಲ್ಲೇ.

ಗಂಡಸರದು ಇನ್ನೊಂದು ಪ್ರಶ್ನೆ ಇತ್ತು. ಯಾರೂ ಜೋರಾಗಿ ಕೇಳುತ್ತಿರಲಿಲ್ಲ. ಪಕ್ಕಕ್ಕೆ ಬಂದು, "ಸಿಸ್ಟರೇ, ಸಂಜೆ ತಗೋಬಹುದಾ?" ಶನಿವಾರ ಬಟವಾಡೆ ದಿನ ಬೇರೆ! ಸೂಜಿ ಹಾಕಿಸಿಕೊಂಡರೆ ತಿಂಗಳುಗಟ್ಟಲೆ ಕುಡಿಯೋ ಹಾಗಿಲ್ಲ ಅಂತ ಸುದ್ದಿ ಹಬ್ಬಿತ್ತು. ಅದಕ್ಕೇ ಹೆದರಿ ತಪ್ಪಿಸಿಕೊಂಡವರು ಎಷ್ಟೋ ಜನ. ಕುಡಿದರೆ ಲಸಿಕೆ ಕೆಲಸ ಮಾಡಲ್ಲ ಅನ್ನೋದಕ್ಕೆ ಆಧಾರ ಇಲ್ಲ, ಜ್ವರದ ಮಾತ್ರೆ ಜೊತೆ ಮಾತ್ರ ಬೇಡ ಅಂದೆ. ಬುದ್ಧಿ ಹೇಳೋಕೆ ಅದು ಸಮಯ ಅಲ್ಲ.

ಕೆಲಸದ ಕಷ್ಟ ಇನ್ನೊಂದು ಥರ. ನಾವು ಹಾಕುತ್ತಿದ್ದ ಕೋವಿಶೀಲ್ಡ್ ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಏಳು ಜನ ಕೂತಿದ್ದಾರೆ, ಸೀಸೆ ತೆರೆಯೋದಾ ಬೇಡವಾ? ತೆರೆದರೆ ಮೂರು ಡೋಸ್ ಹಾಳು, ಮೇಲಿನವರಿಗೆ ಲೆಕ್ಕ ಕೊಡಬೇಕು. ತೆರೆಯದಿದ್ದರೆ ಈ ಏಳು ಜನ ಮತ್ತೆ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಆಶಾ ಅಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು ಮೂರು ಜನರನ್ನು ಹುಡುಕಿಕೊಂಡು ಓಡುತ್ತಿದ್ದಳು. ಒಂದು ಸಲ ಹಾಲು ಹಾಕೋಕೆ ಬಂದವರನ್ನು ಕ್ಯಾನ್ ಸಮೇತ ಹಿಡಿದುಕೊಂಡು ಬಂದಿದ್ದಳು.

ಇನ್ನು ಕೋವಿನ್‌ನಲ್ಲಿ, ಅಂದರೆ ಲಸಿಕೆಗೆ ಅಂತ ಸರ್ಕಾರ ಮಾಡಿದ್ದ ಆನ್‌ಲೈನ್ ಪಟ್ಟಿಯಲ್ಲಿ, ಹೆಸರು ಬರೆಸೋದು. ಆಗ ಒಂದು ಮೊಬೈಲ್ ನಂಬರಿಗೆ ನಾಲ್ಕೇ ಜನ. ಅಸ್ಸಾಮಿನಿಂದ ತೋಟಕ್ಕೆ ಬಂದ ಹುಡುಗರಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಆಧಾರ್ ಇದ್ದರೆ ಫೋನ್ ಇಲ್ಲ, ಫೋನ್ ಇದ್ದರೆ ನೆಟ್‌ವರ್ಕ್ ಇಲ್ಲ. ಓಟಿಪಿ ಬರಬೇಕು ಅಂದರೆ ಗುಡ್ಡದ ತಲೆಗೆ ಹೋಗಬೇಕು. ಎಷ್ಟೋ ದಿನ ಹೆಸರುಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದು ರಾತ್ರಿ ಮನೆಯಲ್ಲಿ ಹಾಕಿದ್ದೇನೆ. ಜೊತೆಗೆ ಆನೆ. "ಇಂಥ ತೋಟದಲ್ಲಿ ಗುಂಪು ಇದೆ" ಅಂತ ಮೆಸೇಜ್ ಬಂದರೆ ನಾಲ್ಕು ಗಂಟೆಗೇ ಗಂಟುಮೂಟೆ ಕಟ್ಟಬೇಕು.

ಮೇ ತಿಂಗಳಲ್ಲಿ ಎಲ್ಲ ತಲೆಕೆಳಗಾಯಿತು. ಎರಡನೇ ಅಲೆ. ಹಾಸನದ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ ಅನ್ನೋ ಸುದ್ದಿ ದಿನಾ ಒಂದೊಂದು ಊರಿಂದ. ಬಾಗಿಲು ಹಾಕಿಕೊಂಡಿದ್ದವರು ಈಗ ಬೆಳಗಿನ ಜಾವ ಐದಕ್ಕೇ ಬಂದು ಚಪ್ಪಲಿ ಸಾಲಿಟ್ಟು ಕಾಯುತ್ತಿದ್ದರು. ಕೊಡೋಕೆ ಲಸಿಕೆಯೇ ಇರಲಿಲ್ಲ. 18ರಿಂದ 44ರವರಿಗೆ ಅಂತ ಮೇ ಮೊದಲ ದಿನಗಳಲ್ಲಿ ಹೇಳಿ, ಆ ತಿಂಗಳ ಮಧ್ಯದಲ್ಲೇ ರಾಜ್ಯದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬೇಡ ಅಂದವರ ಕೈಯಲ್ಲಿ ಬೈಸಿಕೊಂಡಿದ್ದಕ್ಕಿಂತ ಬೇಕು ಅಂದವರ ಕೈಯಲ್ಲಿ ಬೈಸಿಕೊಂಡಿದ್ದೇ ಜಾಸ್ತಿ.

ಅದರ ನಡುವೆ ಎರಡನೇ ಡೋಸಿನ ಗಡುವು ಬದಲಾಯಿತು. ಮೊದಲು ನಾಲ್ಕರಿಂದ ಆರು ವಾರ. ಮಾರ್ಚ್‌ನಲ್ಲಿ ಆರರಿಂದ ಎಂಟು. ಮೇನಲ್ಲಿ ಹನ್ನೆರಡರಿಂದ ಹದಿನಾರು. "ಒಂದೊಂದು ಸಲ ಒಂದೊಂದು ಹೇಳ್ತೀರಲ್ಲ, ನಿಮಗೇ ಗೊತ್ತಿಲ್ಲ ಅಲ್ವಾ?" ಅಂತ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ಅಂತರ ಜಾಸ್ತಿ ಇದ್ದರೆ ರಕ್ಷಣೆ ಚೆನ್ನಾಗಿ ಬರುತ್ತದೆ ಅಂತ ಅಧ್ಯಯನಗಳು ಹೇಳಿವೆ ಸಾರ್, ಲಸಿಕೆ ಕಮ್ಮಿ ಇರೋದೂ ನಿಜ ಸಾರ್ ಅಂದೆ. ಎರಡನೆಯದನ್ನು ಹೇಳಿದ್ದಕ್ಕೇ ಅವರು ಮೊದಲನೆಯದನ್ನು ನಂಬಿದರು ಅಂತ ನನ್ನ ಅನಿಸಿಕೆ. ಓದಿದವರನ್ನು ಒಪ್ಪಿಸೋದು ಲೈನ್ ಮನೆಯವರಿಗಿಂತ ಕಷ್ಟ. ಲೈನಿನವರಿಗೆ ಕೂಲಿಯ ಚಿಂತೆ, ಅದಕ್ಕೆ ದಾರಿ ಹುಡುಕಬಹುದು. ಮೇಷ್ಟ್ರ ಹತ್ತಿರ ಇದ್ದಿದ್ದು ವಾಟ್ಸಾಪ್. ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಅಂತ ಫ್ರಾನ್ಸಿನ ನೊಬೆಲ್ ವಿಜ್ಞಾನಿ ಹೇಳಿದ್ದಾರೆ ಅಂತ ಆಗ ಒಂದು ಮೆಸೇಜ್ ಓಡಾಡುತ್ತಿತ್ತು. ಅವರು ಹಾಗೆ ಹೇಳಿಯೇ ಇರಲಿಲ್ಲ. ಸುಮ್ನೆ ಯಾರೋ ಹುಟ್ಟಿಸಿದ್ದು.

ಒಬ್ಬರು ಅಜ್ಜಿಯನ್ನು ಮಾತ್ರ ಒಪ್ಪಿಸಬೇಕಾಗಲಿಲ್ಲ. ರವಿಕೆ ತೋಳು ಸರಿಸಿ ಹಳೇ ಕಲೆ ತೋರಿಸಿದರು. ಸಿಡುಬಿಗೆ ದಾಕು ಹಾಕಿದ್ದು. "ಆವಾಗ ನಮ್ಮಪ್ಪ ನನ್ನ ಅಡಕೆ ತೋಟದಲ್ಲಿ ಬಚ್ಚಿಟ್ಟಿದ್ದ. ಹಾಕೋನು ಹುಡುಕ್ಕಂಡು ಬಂದ. ಪಕ್ಕದ ಮನೆ ಹುಡುಗಿ ಸಿಕ್ಕಲಿಲ್ಲ. ಉಳೀಲೂ ಇಲ್ಲ" ಅಂದರು. ನಾನು ಸೂಜಿ ಹಿಡಿದುಕೊಂಡು ಸುಮ್ಮನೆ ನಿಂತೆ. 1975ರ ನಂತರ ನಮ್ಮ ದೇಶದಲ್ಲಿ ಆ ಕಾಯಿಲೆಯೇ ಇಲ್ಲ. ಅಜ್ಜಿ ಹೇಳಿದ್ದನ್ನು ಆಶಾ ಅಕ್ಕ ಆಮೇಲೆ ಎಲ್ಲ ಕಡೆ ಹೇಳಿಕೊಂಡು ತಿರುಗಿದಳು.

ಮಳೆ ಮುಗಿಯುವ ಹೊತ್ತಿಗೆ ಸಾವು ಕಮ್ಮಿಯಾಯಿತು, ಹೆದರಿಕೆಯೂ ಕಮ್ಮಿಯಾಯಿತು, ಎರಡನೇ ಡೋಸಿಗೆ ಜನ ಬರೋದೂ ಕಮ್ಮಿಯಾಯಿತು. ಅಷ್ಟರಲ್ಲಿ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದರು. ನವೆಂಬರ್‌ನಲ್ಲಿ ಮನೆ ಮನೆಗೆ ಹೋಗಿ ಹಾಕಬೇಕು ಅಂತ ಆದೇಶ ಬಂತು. ಯಾವ ಮನೆಗೆ ಹೋದರೂ ಸೂಜಿಗೆ ಹೆದರಿ "ಅಪ್ಪುಗೇ ಹಂಗಾಯ್ತಲ್ಲಕ್ಕ" ಅನ್ನೋರು. ನನಗೂ ಅಳು ಬರುತ್ತಿತ್ತು. ಅಳುತ್ತಾ ಲಸಿಕೆ ಹಾಕಿದ ದಿನಗಳಿವೆ.

ಆಮೇಲೆ ಎಲ್ಲ ಮಾಮೂಲಿ ಆಯಿತು ಅಂತಾರೆ. ಆಯಿತು. ಮಾಸ್ಕ್ ಹೋಯಿತು, ಜಾತ್ರೆ ಮದುವೆ ಬಂತು. 2020ರಲ್ಲಿ ಸಾರ್ವಜನಿಕರಿಗೆ ದರ್ಶನವಿಲ್ಲದೆ ಕಳೆದ ಹಾಸನಾಂಬೆಯ ಮುಂದೆ ಈಗ ಕಾಲಿಡೋಕೆ ಜಾಗ ಇಲ್ಲ. ಆದರೆ ಗುರುವಾರದ ನನ್ನ ಕೋಣೆ ಮೊದಲಿನ ಹಾಗಿಲ್ಲ. ಮೊದಲೆಲ್ಲ ತಾಯಂದಿರು ಕೂಸಿನ ತೊಡೆ ಕೊಟ್ಟು ಮುಖ ಆ ಕಡೆ ತಿರುಗಿಸುತ್ತಿದ್ದರು. ಈಗ ಸೀಸೆ ತೋರಿಸಿ ಅಂತಾರೆ. "ಇದು ಕೋವಿಡ್ ಲಸಿಕೆ ಕಂಪನಿಯದ್ದಾ?" ಅಂತಾರೆ. ಮೊದಮೊದಲು ಕಿರಿಕಿರಿಯಾಯಿತು. ಈಗ ಕೇಳಲಿ ಬಿಡು ಅನಿಸುತ್ತದೆ. ಸೀಸೆ ಕೈಗೇ ಕೊಡುತ್ತೇನೆ, ತಾರೀಕು ನೋಡು ಅಂತೀನಿ.

2024ರಲ್ಲಿ ಬ್ರಿಟನ್ನಿನ ಕೋರ್ಟಿನಲ್ಲಿ ಆಸ್ಟ್ರಾಜೆನೆಕಾ ಕಂಪನಿ ತಮ್ಮ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಒಪ್ಪಿಕೊಂಡ ಸುದ್ದಿ ಬಂದಾಗ ಫೋನ್ ಬಿಡುವೇ ಇಲ್ಲ. ಕೋವಿಶೀಲ್ಡ್ ಅದೇ ಲಸಿಕೆ. ಸುಳ್ಳು ಅನ್ನಲಿಲ್ಲ. ಹೌದು, ಅಂಥದ್ದು ಇದೆ, ಹಾಕಿಸಿಕೊಂಡ ಕೆಲವು ವಾರಗಳಲ್ಲಿ ಕಾಣಿಸುವಂಥದ್ದು, ಮೂರು ವರ್ಷ ಆದ ಮೇಲೆ ನಿಮಗೆ ಆ ಹೆದರಿಕೆ ಬೇಡ ಅಂದೆ.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯೇ ದೇಶದ ಸುದ್ದಿಯಾಯಿತು. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ದಿನಾ ಲೆಕ್ಕ. ಚಿಕ್ಕ ವಯಸ್ಸಿನವರೂ ಇದ್ದರು. ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿಗಳೇ ಹೇಳಿದರು. ಕೇಂದ್ರ ಆರೋಗ್ಯ ಇಲಾಖೆ ಅಲ್ಲ ಅಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನದಲ್ಲಿ ಲಸಿಕೆಯಿಂದ ಹಠಾತ್ ಸಾವು ಜಾಸ್ತಿಯಾಗಿರಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ಮಾಡಿದ ಸಮಿತಿಯೂ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಆ ವರದಿ ಬರೋ ಹೊತ್ತಿಗೆ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ಇತ್ತು.

ಆ ಕ್ಯೂನಲ್ಲಿ ನಮ್ಮ ಮೇಸ್ತ್ರಿಯೂ ಇದ್ದರು. ಐದು ಜನ ಸೇರಿ ಜೀಪು ಮಾಡಿಕೊಂಡು ಹೋಗಿದ್ದರು. ಇಸಿಜಿ ಸರಿ ಇತ್ತು. ಬಿಪಿ 170. ಎಷ್ಟು ವರ್ಷದಿಂದ ಇತ್ತೋ, ಯಾವತ್ತೂ ನೋಡಿಸಿಕೊಂಡವರಲ್ಲ. ಚೀಟಿ ಹಿಡಿದುಕೊಂಡು ಉಪಕೇಂದ್ರಕ್ಕೆ ಬಂದು, "ನಿಮ್ಮ ಸೂಜಿಯಿಂದಲೇ ಇದು ಬಂದಿದ್ದು ನರ್ಸಮ್ಮ" ಅಂದರು. ಅಲ್ಲ ಅಣ್ಣ, ನಿಮ್ಮ ಬೀಡಿ, ನಿಮ್ಮ ಉಪ್ಪಿನಕಾಯಿ, ನಿಮ್ಮ ವಯಸ್ಸು ಅಂದೆ. ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ಬಿಪಿ ಮಾತ್ರೆ ಕೈಗಿಟ್ಟಾಗ ಅವರೇ ಕೇಳಿದರು. "ಇದರಿಂದ ಏನಾಗುತ್ತೆ, ಮೊದಲೇ ಹೇಳಿಬಿಡಿ."

"ಕೆಲವರಿಗೆ ಕಾಲು ಊದುತ್ತೆ. ಊದಿದರೆ ಬನ್ನಿ. ನೀವೇ ಮಾತ್ರೆ ಬಿಡಬೇಡಿ" ಅಂದೆ.

ಊದಿತು. ಬಂದರು.