ಸೋಯೊಂಬೊ ಅಕ್ಷರವನ್ನು ಚಿತ್ರವಾಗಿ ಹಾಕಬೇಡಿ, ಅಕ್ಷರವಾಗಿಯೇ ಹಾಕಿ

ಸೋಯೊಂಬೊ ಲಿಪಿಯನ್ನು 1686ರಲ್ಲಿ ರೂಪಿಸಿದವರು ಮಂಗೋಲಿಯಾದ ಬೌದ್ಧ ಗುರು ಜನಬಜಾರ್. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯಾದ ಯೂನಿಕೋಡ್‌ಗೆ ಅದು ಸೇರಿದ್ದು 2017ರಲ್ಲಿ, 10ನೇ ಆವೃತ್ತಿಯಲ್ಲಿ. ಆಮೇಲೂ ಅದನ್ನು ಚಿತ್ರವಾಗಿ ಅಂಟಿಸಿದ ಪುಟಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಚಿತ್ರದೊಳಗಿನ ಪದವನ್ನು ಹುಡುಕಲು ಆಗುವುದಿಲ್ಲ, ಕಾಪಿ ಮಾಡಲೂ ಆಗುವುದಿಲ್ಲ.

ನಾನು ದಿನವೂ ಕನ್ನಡ ಫಾಂಟ್‌ಗಳನ್ನು ಪರೀಕ್ಷಿಸುವವಳು. ಈ ಲಿಪಿಯೂ ಬ್ರಾಹ್ಮಿಯ ಬಳಗದ್ದೇ. ಹಾಗಾಗಿ ವ್ಯಂಜನ ಮೊದಲು, ಸ್ವರಚಿಹ್ನೆ ಆಮೇಲೆ ಅನ್ನುವ ನಮ್ಮ ಕ್ರಮ ಇಲ್ಲೂ ನಡೆಯುತ್ತದೆ.

‘ಗೆರ್’ ಅನ್ನುವ ಪದ ತೆಗೆದುಕೊಳ್ಳಿ, ಅಂದರೆ ಮಂಗೋಲರ ಗುಡಾರದ ಮನೆ. ಕನ್ನಡದಲ್ಲಿ ಇದಕ್ಕೆ ನಾಲ್ಕು ಸಂಕೇತ ಬೇಕು: ಗ, ಎತ್ವ, ರ, ಕೊನೆಗೆ ವಿರಾಮ. ಸೋಯೊಂಬೊದಲ್ಲಿ ಮೂರೇ ಸಾಕು. ಅವುಗಳ ಯೂನಿಕೋಡ್ ಸಂಖ್ಯೆಗಳು: ಗ 72286, ಎ ಸ್ವರಚಿಹ್ನೆ 72276, ಪದದ ಕೊನೆಯ ರ್ 72337. ಇಲ್ಲಿ ಕೊನೆಯ ವ್ಯಂಜನಗಳಿಗೆ ಬೇರೆಯೇ ಚಿಹ್ನೆಗಳಿವೆ. ಪೂರ್ತಿ ರ ಹಾಕಿ ವಿರಾಮ ಹುಡುಕುತ್ತಾ ಕೂರಬೇಡಿ. ವೆಬ್ ಪುಟದಲ್ಲಿ ಹೀಗೆ ಬರೆಯಿರಿ:

𑩞𑩔𑪑

ಒತ್ತಕ್ಷರ ಬೇಕಿದ್ದರೆ ಎರಡು ವ್ಯಂಜನಗಳ ನಡುವೆ 72345 ಹಾಕಿ. ನಮ್ಮ ವಿರಾಮ ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಆದರೆ ಪದದ ಕೊನೆಗೆ ಅದನ್ನು ಬಳಸಬೇಡಿ. ಎರಡನೆಯ ವ್ಯಂಜನ ಮೊದಲನೆಯದರ ಕೆಳಗೆ ಕೂರುವುದು ಫಾಂಟ್‌ನ ಕೆಲಸ. ಅಕ್ಷರದ ಬದಲು ಖಾಲಿ ಚೌಕ ಬಂದರೆ ಗಾಬರಿ ಬೇಡ, ಸಂಕೇತ ಸರಿಯಿದ್ದು ಫಾಂಟ್ ಮಾತ್ರ ಇಲ್ಲದಿರಬಹುದು. ‘ನೋಟೋ ಸಾನ್ಸ್ ಸೋಯೊಂಬೊ’ ಉಚಿತವಾಗಿ ಸಿಗುತ್ತದೆ. ಅದನ್ನು ಪುಟದ ಜೊತೆಗೇ ಕಳಿಸಿ, ಓದುಗರ ಫೋನಿನಲ್ಲಿ ಇರುತ್ತದೆ ಅಂತ ನಂಬಬೇಡಿ.

ಡೇಟಾಬೇಸ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಗ’ಕ್ಕೆ 3 ಬೈಟ್, ಸೋಯೊಂಬೊ ‘ಗ’ಕ್ಕೆ 4. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನ ಹಳೆಯ ‘ಯುಟಿಎಫ್8’ ವ್ಯವಸ್ಥೆ 3 ಬೈಟ್‌ವರೆಗೆ ಮಾತ್ರ ಹಿಡಿಸುತ್ತದೆ. ಕನ್ನಡದಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಂಗೋಲಿಯನ್ ಪದ ಹಾಕಿದ ಕೂಡಲೇ ಎರರ್ ಬರುತ್ತದೆ, ಇಲ್ಲವೇ ಪಠ್ಯ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಟೇಬಲ್ ಅನ್ನೂ ಕನೆಕ್ಷನ್ ಅನ್ನೂ ಎರಡನ್ನೂ ‘ಯುಟಿಎಫ್8ಎಂಬಿ4’ (utf8mb4) ವ್ಯವಸ್ಥೆಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಸಾಲದು.

ವೆಬ್ ಪುಟಗಳ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಅಳೆದರೆ ಈ ‘ಗೆರ್’ 6 ಅಂತ ತೋರಿಸುತ್ತದೆ. ಅಲ್ಲಿ ಸೋಯೊಂಬೊದ ಒಂದೊಂದು ಸಂಕೇತವೂ ಎರಡಾಗಿ ಎಣಿಕೆಯಾಗುತ್ತದೆ. ಫಾರಂನಲ್ಲಿ ಅಕ್ಷರಗಳ ಮಿತಿ ಇಟ್ಟಿದ್ದರೆ ಅದನ್ನೂ ಸರಿಪಡಿಸಿ. ಆಮೇಲೆ ಪದವನ್ನು ಸೇವ್ ಮಾಡಿ, ವಾಪಸ್ ತೆಗೆದು, ಮೂರೂ ಸಂಖ್ಯೆಗಳು ಅದೇ ಕ್ರಮದಲ್ಲಿ ಬಂದವಾ ಅಂತ ನೋಡಿ.